ಎಂಜಿಬಿ: 55 ಮೈಲಿ ವೇಗಕ್ಕೆ ಸ್ಟೀರಿಂಗ್ ಗಡಗಡ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಾನಿರುವುದು ಬರ್ಮಿಂಗ್‌ಹ್ಯಾಮ್‌ನಲ್ಲಿ. ನನ್ನದು 1967ರ ಎಂಜಿಬಿ ರೋಡ್‌ಸ್ಟರ್, ಅಂದರೆ ಮೇಲ್ಭಾಗ ತೆರೆದ ಹಳೆ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಸೈಕಲ್ ಚಕ್ರದಂತೆ ಕಡ್ಡಿಗಳಿರುವ ವೈರ್ ವೀಲ್‌ನದು. ಗಂಟೆಗೆ 55 ಮೈಲಿ ಮುಟ್ಟಿದರೆ ಸಾಕು, ಸ್ಟೀರಿಂಗ್ ನಡುಗುತ್ತದೆ. 65 ದಾಟಿದರೆ ನಿಲ್ಲುತ್ತದೆ. ಹೊಸ ಟೈರ್ ಹಾಕಿಸಿ ಎರಡು ಸಲ ಬ್ಯಾಲೆನ್ಸ್ ಮಾಡಿಸಿದೆ. ಮುಂದಿನ ತಿಂಗಳು ಊರಿಂದ ಅಪ್ಪ ಬರುತ್ತಾರೆ. ಅವರನ್ನು ಕೂರಿಸಿಕೊಂಡು ವೇಲ್ಸ್‌ಗೆ ಹೋಗುವ ಆಸೆ.

ಉತ್ತರ 1:
ಒಂದೇ ವೇಗದಲ್ಲಿ ಬಂದು ಹೋಗುತ್ತದೆ ಅಂದರೆ ನನ್ನ ಅನುಮಾನ ಮೊದಲು ಚಕ್ರದ ಮೇಲೇ. ವೈರ್ ವೀಲನ್ನು ಮಾಮೂಲಿ ಚಕ್ರದ ಹಾಗೆ ಬ್ಯಾಲೆನ್ಸ್ ಮೆಷಿನ್‌ಗೆ ಹಾಕಬಾರದು. ಕಾರಿನ ಹಬ್ (ಚಕ್ರ ಕೂರುವ ನಡುಭಾಗ) ಮೇಲೆ ಕೂರುವಂತೆಯೇ ಅಲ್ಲೂ ಕೂರಲು ಎರಡೂ ಕಡೆ ಸರಿಯಾದ ಕೋನ್ (ಶಂಕುವಿನಾಕಾರದ ಹಿಡಿಕೆ) ಬೇಕು. ಚಮಚದಿಂದ ಕಡ್ಡಿಗಳನ್ನು ಒಂದೊಂದಾಗಿ ತಟ್ಟಿ ನೋಡಿ. ಬಿಗಿ ಇದ್ದರೆ ಟಿಣ್ ಅನ್ನುತ್ತದೆ, ಸಡಿಲವಿದ್ದರೆ ಮಂಕು ಸದ್ದು.

ಉತ್ತರ 2:
ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಕೀಲು) ಮರೆಯಬೇಡಿ. ಮುಂಭಾಗ ಜಾಕ್ ಮಾಡಿ, ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ (ಸಡಿಲ ಅಲುಗಾಟ) ಇದ್ದರೆ ಒಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಆಗ ಆಟ ಹೋದರೆ ಬೇರಿಂಗ್, ಹೋಗದಿದ್ದರೆ ಕಿಂಗ್‌ಪಿನ್. ಬೇರಿಂಗ್ ಆದರೆ ಸುಮ್ನೆ ನಟ್ ಬಿಗಿ ಮಾಡಬೇಡಿ, ಒಳಗೆ ಶಿಮ್ (ಅಂತರ ಸರಿಪಡಿಸುವ ತೆಳು ಬಿಲ್ಲೆ) ಇರುತ್ತದೆ. ಇಂಚಿನ 2ರಿಂದ 4 ಸಾವಿರದ ಭಾಗದಷ್ಟು ಆಟ ಉಳಿಯಲೇಬೇಕು.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರವಾಯಿತು! ಬ್ರೇಕ್ ಒತ್ತಿದರೂ ಎಡಗಡೆ ಆಟ ಹಾಗೇ ಇತ್ತು. ಗ್ರೀಸ್ ತುಂಬುವ ನಿಪ್ಪಲ್ ಒಂದು ಪೂರ್ತಿ ಕಟ್ಟಿಕೊಂಡಿತ್ತು, ಪಾಪ ಪಿನ್ ಒಣಗಿ ಸವೆದಿದೆ. ಜೊತೆಗೆ ಬಲ ಚಕ್ರದಲ್ಲಿ 4 ಕಡ್ಡಿ ಸಡಿಲ. ಎರಡೂ ಕಡೆ ಕಿಂಗ್‌ಪಿನ್ ಬದಲಾಯಿಸುತ್ತೇನೆ. ರೀಮ್ ಮಾಡುವ (ತೂತನ್ನು ನಿಖರ ಅಳತೆಗೆ ಕೊರೆಯುವ) ಕೆಲಸ ಮಾತ್ರ ಮೆಷಿನ್ ಶಾಪ್‌ಗೆ ಕೊಡುತ್ತೇನೆ.