ಸಹಾಯ ಬೇಕು: 1976ರ ಪ್ರೀಮಿಯರ್ ಪದ್ಮಿನಿಯ ಮೂಲ ತಿಳಿಹಸಿರು ಹೊಂದಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಗಾಡಿಯ ಮೂಲ ಬಣ್ಣ ತಿಳಿಹಸಿರು, ಮೇಲೆ ಬಿಳಿ ರೀಪೇಂಟ್ ಆಗಿದೆ. ಪೇಂಟ್ ಕೋಡ್ ಎಲ್ಲೂ ಸಿಕ್ಕಿಲ್ಲ.

ಡಿಕ್ಕಿಯೊಳಗೆ ಸ್ಟೆಪ್ನಿ ಪಕ್ಕ 800, ಆಮೇಲೆ 1500 ನಂಬರ್ ವಾಟರ್ ಪೇಪರ್ ಹಾಕಿ ರೂಪಾಯಿ ನಾಣ್ಯದಷ್ಟು ಅಗಲ ಉಜ್ಜಿದರೆ ಪದರಗಳು ಉಂಗುರದ ಹಾಗೆ ಕಾಣ್ತವೆ: ನಡುವೆ ತಗಡು, ಸುತ್ತ ಪ್ರೈಮರ್, ಆಮೇಲೆ ಹಸಿರು, ಹೊರಗೆ ಬಿಳಿ. ಡೋರ್ ಪ್ಯಾಡ್ ಹಿಂದೆ ಅಂಗೈಯಗಲ ಹಸಿರು ಹಾಗೇ ಉಳಿದಿದೆ. ರಬ್ಬಿಂಗ್ ಕಾಂಪೌಂಡ್ (ಉಜ್ಜಿ ಹೊಳಪು ತರೋ ಪೇಸ್ಟ್) ಹಾಕಿ ಪಾಲಿಶ್ ಮಾಡಿದರೂ ಡಿಕ್ಕಿಯ ಹಸಿರಿಗಿಂತ ಇದು ಹಳದಿ ಹೊಡೀತಿದೆ. ಹಳೆ ಸಿಂಥೆಟಿಕ್ ಎನಾಮೆಲ್ ಬೆಳಕಿಲ್ಲದ ಕಡೆ ಹಳದಿಗೆ ತಿರುಗುತ್ತೆ, ಬಿಸಿಲಲ್ಲಿದ್ದದ್ದು ಮಾಸುತ್ತೆ. ಎರಡೂ ಪೂರ್ತಿ ನಂಬೋ ಹಾಗಿಲ್ಲ.

ಸ್ಪೆಕ್ಟ್ರೋಫೋಟೋಮೀಟರ್ (ಬಣ್ಣ ಅಳೆಯೋ ಉಪಕರಣ) ಇಟ್ಟು ಹೊಂದಿಸಿದ ಸ್ಯಾಂಪಲ್ ಅಂಗಡಿಯ ಟ್ಯೂಬ್‌ಲೈಟ್‌ನಲ್ಲಿ ಸರಿಯಾಗಿದೆ, ಬಿಸಿಲಿಗೆ ತಂದರೆ ನೀಲಿ ಛಾಯೆ. ಬಹುಶಃ ಬೇರೆ ಪಿಗ್ಮೆಂಟ್‌ಗಳಿಂದ ಅದೇ ಹಸಿರು ತಂದಿದ್ದಾರೆ, ಅದಕ್ಕೇ ಬೆಳಕು ಬದಲಾದರೆ ಬಣ್ಣ ಬೇರೆ ಕಾಣುತ್ತೆ.

ಗೊತ್ತಿದ್ದವರು ಹೇಳಿ:

1. ಡೋರ್ ಒಳಗಿನ ಜಾಗವನ್ನು ಒಂದು ವಾರ ಬಿಸಿಲಿಗೆ ಒಡ್ಡಿ ಆಮೇಲೆ ರೀಡಿಂಗ್ ತಗೊಂಡರೆ ಹಳದಿ ಸಾಕಷ್ಟು ಇಳಿಯುತ್ತಾ?

2. ಕ್ಲಿಯರ್ ಕೋಟ್ ಇಲ್ಲದ ಸಿಂಗಲ್ ಸ್ಟೇಜ್ 2ಕೆ ಪಿಯುನಲ್ಲೇ (ಹಾರ್ಡನರ್ ಬೆರೆಸಿ ಹೊಡೆಯೋ ಪಾಲಿಯುರೆಥೇನ್ ಪೇಂಟ್) ಹೊಡೆಸಬೇಕು. ಬೇಸ್-ಕ್ಲಿಯರ್ (ಬಣ್ಣದ ಮೇಲೆ ಪಾರದರ್ಶಕ ಪದರ) ಹಾಕಿದರೆ ಹೊಳಪು ಗಾಜಿನ ಹಾಗಾಗಿ ಆ ಕಾಲದ ಗಾಡಿ ಅನ್ನಿಸಲ್ಲ. ಬೆಂಗಳೂರಲ್ಲಿ ಟಿಂಟರ್ (ಛಾಯೆಗೆ ಬೆರೆಸೋ ಬಣ್ಣ) ಬದಲಿಸಿ, ಬಿಸಿಲಲ್ಲಿ ನೋಡಿ, ಕೈಯಲ್ಲಿ ತಿದ್ದಿಕೊಡೋ ಮಿಕ್ಸರ್ ಯಾರಿದ್ದಾರೆ?

3. ಬಾಗಿಲು, ಬಾನೆಟ್ ಒಳಗೂ ಸೇರಿ 4 ಲೀಟರ್ ಸಾಕಾ? ಎರಡನೇ ಬ್ಯಾಚ್‌ನಲ್ಲಿ ಛಾಯೆ ಬದಲಾಗುತ್ತೆ, ಹಾಗಾಗಿ ಒಂದೇ ಸಲ ಕಲಸಿಸಬೇಕು.

ಫೋನ್ ಫೋಟೋ ನೋಡಿ ಶೇಡ್ ನಂಬರ್ ಹೇಳಬೇಡಿ. ಅದೇ ಇಸವಿಯ, ರೀಪೇಂಟ್ ಆಗದ ಹಸಿರು ಗಾಡಿ ಇದ್ದವರು ಡ್ಯಾಶ್‌ಬೋರ್ಡ್ ಕೆಳಗೆ ರೀಡಿಂಗ್ ತಗೊಳ್ಳಕ್ಕೆ ಬಿಟ್ಟರೆ ದೊಡ್ಡ ಉಪಕಾರ.