ಗೂಗಲ್‌ನಲ್ಲಿ ಹುಡುಕಿದರೆ ಹಳೇ 1.4 ಡಾಕ್ಸೇ ಮೊದಲು ಬರುತ್ತಿದೆ, ಏನು ಮಾಡಲಿ?

ಪ್ರಶ್ನೆ:
ನಮ್ಮ ಸಾಫ್ಟ್‌ವೇರ್ ಲೈಬ್ರರಿಯ 1.4, 2.0, 3.1 ಮೂರೂ ಆವೃತ್ತಿಗಳ ಡಾಕ್ಸ್ (ಬಳಸುವ ವಿಧಾನ ವಿವರಿಸುವ ಪುಟಗಳು) ಒಂದೇ ಸೈಟ್‌ನಲ್ಲಿವೆ. ಇನ್‌ಸ್ಟಾಲ್ ಮಾಡೋದು ಹೇಗೆ ಅಂತ ಹುಡುಕಿದವರಿಗೆ 1.4ರ ಪುಟವೇ ಸಿಗುತ್ತದೆ. ಅದರಲ್ಲಿರುವ ಕಮಾಂಡ್ 3.1ರಲ್ಲಿ ಇಲ್ಲವೇ ಇಲ್ಲ. ಹೊಸಬರು ಅಲ್ಲೇ ಎಡವುತ್ತಿದ್ದಾರೆ, ನೋಡಿ ಬೇಜಾರಾಗುತ್ತದೆ. ಸರ್ಚ್ ಎಂಜಿನ್‌ಗಳಿಗೆ ಸೂಚನೆ ಕೊಡುವ ರೋಬಾಟ್ಸ್ ಫೈಲ್‌ನಲ್ಲಿ 1.4 ಫೋಲ್ಡರನ್ನು ಬ್ಲಾಕ್ ಮಾಡಲಾಗಿದೆ. ಆದರೂ ಲಿಂಕ್ ಬರುತ್ತಲೇ ಇದೆ, ಕೆಳಗೆ ವಿವರಣೆ ಮಾತ್ರ ಇರುವುದಿಲ್ಲ. 1.4 ಬಳಸುವವರು ಇನ್ನೂ ಇದ್ದಾರೆ, ಅಳಿಸುವ ಹಾಗಿಲ್ಲ.

ಉತ್ತರ:
ಮೊದಲು ಆ ಬ್ಲಾಕ್ ತೆಗೆಯಿರಿ. ರೋಬಾಟ್ಸ್ ಫೈಲ್ ಪುಟವನ್ನು ಓದಬೇಡ ಅನ್ನುತ್ತದೆ ಅಷ್ಟೇ, ಇಂಡೆಕ್ಸ್‌ನಿಂದ (ಗೂಗಲ್‌ನ ಹುಡುಕಾಟದ ಪಟ್ಟಿಯಿಂದ) ತೆಗೆ ಅನ್ನುವುದಿಲ್ಲ. ಬೇರೆ ಸೈಟ್‌ಗಳ ಲಿಂಕ್ ನೋಡಿ ಗೂಗಲ್ ಬರೀ ವಿಳಾಸವನ್ನು ತೋರಿಸುತ್ತದೆ. ವಿವರಣೆ ಕಾಣದಿರುವುದು ಅದಕ್ಕೇ. ಪುಟದೊಳಗೆ ನೀವು ಏನೇ ಸೂಚನೆ ಬರೆದರೂ ಗೂಗಲ್ ಓದುವುದೇ ಇಲ್ಲ, ಅಲ್ವಾ?

ಆಮೇಲೆ ಹಳೇ ಪುಟಗಳ ಹೆಡ್ ಭಾಗದಲ್ಲಿ ಕೆನಾನಿಕಲ್ ಲಿಂಕ್ ಹಾಕಿ, ಅಂದರೆ ಒಂದೇ ವಿಷಯದ ಪುಟಗಳಲ್ಲಿ ಯಾವುದು ಮುಖ್ಯ ಅಂತ ಗೂಗಲ್‌ಗೆ ಹೇಳುವ ಲಿಂಕ್. 1.4ರ ಇನ್‌ಸ್ಟಾಲ್ ಪುಟ ಹೊಸ ಆವೃತ್ತಿಯ ಇನ್‌ಸ್ಟಾಲ್ ಪುಟವನ್ನೇ ತೋರಿಸಬೇಕು, ಮುಖಪುಟವನ್ನಲ್ಲ. ವಿಳಾಸದಲ್ಲಿ 3.1 ಬೇಡ, "ಲೇಟೆಸ್ಟ್" ಅಂತ ಒಂದು ಖಾಯಂ ಫೋಲ್ಡರ್ ಇರಲಿ. ಇಲ್ಲದಿದ್ದರೆ 3.2 ಬಂದಾಗ ಎಲ್ಲಾ ಮೊದಲಿನಿಂದ ಶುರು. ಪೋಸ್ಟ್‌ಗ್ರೆಸ್‌ಕ್ಯುಎಲ್ ಡೇಟಾಬೇಸ್‌ನ ಡಾಕ್ಸ್ "ಕರೆಂಟ್" ಅನ್ನುವ ವಿಳಾಸ ಇಟ್ಟುಕೊಂಡಿರುವುದು ಹೀಗೇ.

ಪ್ರಶ್ನೆ:
ಡಾಕ್ಸ್ ತಯಾರಿಸಲು ನಾವು ಬಳಸುವುದು ಸ್ಫಿಂಕ್ಸ್ ಅನ್ನುವ ಟೂಲ್. ಎಚ್‌ಟಿಎಂಎಲ್ ಬೇಸ್ ಯುಆರ್‌ಎಲ್ ಸೆಟ್ಟಿಂಗ್‌ನಲ್ಲಿ ಲೇಟೆಸ್ಟ್ ವಿಳಾಸ ಕೊಟ್ಟರೆ ಸಾಕಾ? 1.4ರ ಪ್ಲಗಿನ್ ಪುಟಗಳು 3.1ರಲ್ಲಿ ಇಲ್ಲ.

ಉತ್ತರ:
ಎಡವಟ್ಟಾಗುವುದೇ ಅಲ್ಲಿ. ಸ್ಫಿಂಕ್ಸ್ ಆ ವಿಳಾಸಕ್ಕೆ ಪುಟದ ಹೆಸರು ಸೇರಿಸಿ ಕೆನಾನಿಕಲ್ ಮಾಡುತ್ತದೆ, ಆ ಪುಟ ಅಲ್ಲಿದೆಯಾ ಅಂತ ನೋಡುವುದಿಲ್ಲ. ಪ್ಲಗಿನ್ ಪುಟಗಳ ಕೆನಾನಿಕಲ್ ಸೀದಾ 404ಕ್ಕೆ (ಪುಟ ಇಲ್ಲ ಅನ್ನುವ ದೋಷಕ್ಕೆ) ಹೋಗುತ್ತದೆ. ಎರಡೂ ಫೋಲ್ಡರ್‌ಗಳ ಫೈಲ್ ಪಟ್ಟಿ ಹೋಲಿಸುವ ಸಣ್ಣ ಸ್ಕ್ರಿಪ್ಟ್ ಬರೆಯಿರಿ. ಹೊಸದರಲ್ಲಿ ಇಲ್ಲದ ಪುಟ ತನ್ನ ವಿಳಾಸವನ್ನೇ ಕೆನಾನಿಕಲ್ ಅಂತ ಹೇಳಲಿ. 1.4 ಬಳಸುವವರು ಹುಡುಕುವುದು ಆ ಪುಟಗಳನ್ನೇ, ಅವು ಸಿಗಲೇಬೇಕು. ಕೆನಾನಿಕಲ್ ಜೊತೆಗೆ ನೋಇಂಡೆಕ್ಸ್ (ಇಂಡೆಕ್ಸ್‌ಗೆ ಸೇರಿಸಬೇಡ ಅನ್ನುವ ಸೂಚನೆ) ಹಾಕಬೇಡಿ, ಎರಡೂ ಒಂದಕ್ಕೊಂದು ವಿರುದ್ಧ.

ಇನ್ನೊಬ್ಬರು:
ಪುಟದ ಶೀರ್ಷಿಕೆಯಲ್ಲೇ ಆವೃತ್ತಿ ಸಂಖ್ಯೆ ಇರಲಿ, ಹುಡುಕಿದವರಿಗೆ ಕ್ಲಿಕ್ ಮಾಡುವ ಮೊದಲೇ ಗೊತ್ತಾಗುತ್ತದೆ. ಹಳೇ ಪುಟದ ಮೇಲೆ "ಇದು 1.4" ಅನ್ನುವ ಬ್ಯಾನರ್ ಹಾಕಿ, ಅದೇ ವಿಷಯದ ಹೊಸ ಪುಟಕ್ಕೆ ಲಿಂಕ್ ಕೊಡಿ. ಸೈಟ್‌ನ ಹುಡುಕಾಟದಲ್ಲೂ ಓದುಗ ಇರುವ ಆವೃತ್ತಿಯ ಫಲಿತಾಂಶ ಮಾತ್ರ ಬರಲಿ.

ಪ್ರಶ್ನೆ:
ಎಲ್ಲಾ ಹಾಕಿ ಕೆಲವು ವಾರ ಆಯಿತು. ಇನ್‌ಸ್ಟಾಲ್ ಪುಟ ಸರಿಯಾಯಿತು, ತುಂಬಾ ಥ್ಯಾಂಕ್ಸ್! ಕಾನ್ಫಿಗರೇಷನ್ ಪುಟಕ್ಕೆ ಮಾತ್ರ ಸರ್ಚ್ ಕನ್ಸೋಲ್‌ನಲ್ಲಿ (ಸೈಟ್ ನಡೆಸುವವರಿಗೆ ಗೂಗಲ್ ಕೊಡುವ ವರದಿ ಟೂಲ್) ನಾವು ಹೇಳಿದ ಕೆನಾನಿಕಲ್ ಒಂದು, ಗೂಗಲ್ ಆರಿಸಿದ್ದು ಇನ್ನೊಂದು.

ಉತ್ತರ:
ಕೆನಾನಿಕಲ್ ಒಂದು ಸುಳಿವು ಮಾತ್ರ, ಗೂಗಲ್ ಅದನ್ನು ಒಪ್ಪಲೇಬೇಕು ಅಂತಿಲ್ಲ. ಎರಡು ಪುಟಗಳ ವಿಷಯ ಜಾಸ್ತಿ ಬೇರೆಯಾಗಿದ್ದರೆ ಬಿಟ್ಟುಬಿಡುತ್ತದೆ. ಸೈಟ್‌ಮ್ಯಾಪ್‌ನಲ್ಲಿ (ಸರ್ಚ್ ಎಂಜಿನ್‌ಗಳಿಗೆ ಕೊಡುವ ಪುಟಗಳ ಪಟ್ಟಿ) 1.4ರ ಆ ಪುಟ ಇನ್ನೂ ಇದೆಯಾ ನೋಡಿ, ಇದ್ದರೆ ತೆಗೆಯಿರಿ. ನಿಮ್ಮದೇ ಬೇರೆ ಪುಟಗಳಿಂದ ಅದಕ್ಕೆ ಲಿಂಕ್ ಇದ್ದರೆ ಲೇಟೆಸ್ಟ್‌ಗೆ ಬದಲಿಸಿ.