ಎರಡು ದಿನ ನಿಂತರೆ ಬ್ಯಾಟರಿ ಡೌನ್: ಕರೆಂಟ್ ಎಲ್ಲಿ ಸೋರುತ್ತಿದೆ?

ಶಿವಮೊಗ್ಗದಿಂದ ಪ್ರಶ್ನೆ: ನಮ್ಮ ಹಳೇ ಪೆಟ್ರೋಲ್ ಕಾರು ದಿನಾ ಓಡಿಸಿದರೆ ಏನೂ ತೊಂದರೆ ಇಲ್ಲ. ಶನಿವಾರ, ಭಾನುವಾರ ನಿಲ್ಲಿಸಿದರೆ ಸೋಮವಾರ ಬೆಳಿಗ್ಗೆ ಸೆಲ್ಫ್ ಹೊಡೆಯಲ್ಲ, ಬರೀ ಟಕ್ ಟಕ್ ಅನ್ನುತ್ತೆ. ಹೊಸ ಬ್ಯಾಟರಿ ಹಾಕಿಸಿದ್ದಾಯಿತು, ಅದೂ ಹಾಗೇ. ಯಾರಿಗಾದರೂ ಹೀಗಾಗಿತ್ತಾ?

ಮೈಸೂರಿನಿಂದ: ನನ್ನ ಕಾರಿನಲ್ಲೂ ಥೇಟ್ ಹೀಗೇ ಆಗುತ್ತಿತ್ತು ಸರ್. ಇಂಜಿನ್ ಓಡುವಾಗ ಬ್ಯಾಟರಿ ಮೇಲೆ ಸುಮಾರು 14 ವೋಲ್ಟ್ ಬರುತ್ತಿದ್ದರೆ ಚಾರ್ಜಿಂಗ್ ಸರಿಯಿದೆ. ಆಮೇಲೆ, ನಿಂತ ಗಾಡಿ ಎಷ್ಟು ಕರೆಂಟ್ ಎಳೆಯುತ್ತಿದೆ ಅಂತ ಅಳೆಯಬೇಕು. ಅಲ್ಲಿವರೆಗೆ ದಯವಿಟ್ಟು ಇನ್ನೇನನ್ನೂ ಬದಲಾಯಿಸಬೇಡಿ, ಸುಮ್ನೆ ದುಡ್ಡು ದಂಡ.

ಕೀ ತೆಗೆದು, ಮೈನಸ್ ಕೇಬಲ್ ಬಿಚ್ಚಿ. ಆ ಕೇಬಲ್ಲಿಗೂ ಬ್ಯಾಟರಿಯ ಮೈನಸ್‌ಗೂ ನಡುವೆ ಮಲ್ಟಿಮೀಟರ್ (ಕರೆಂಟ್, ವೋಲ್ಟ್ ಅಳೆಯುವ ಮೀಟರ್) ಹಾಕಿ. ಕೆಂಪು ವೈರ್ ಮೀಟರಿನ 10 ಆಂಪಿಯರ್ ತೂತಿನಲ್ಲೇ ಇರಲಿ. ಮೀಟರ್ ಸಿಕ್ಕಿಸಿರುವಾಗ ಸೆಲ್ಫ್ ಹೊಡೆಯಲೇಬೇಡಿ, ಮೀಟರಿನ ಫ್ಯೂಸ್ ಹಾರಿಹೋಗುತ್ತೆ. ಶುರುವಿನಲ್ಲಿ ಒಂದೆರಡು ಆಂಪಿಯರ್ ತೋರಿಸಿದರೆ ಗಾಬರಿ ಬೇಡ. ಒಳಗಿನ ಕಂಪ್ಯೂಟರ್‌ಗಳೆಲ್ಲ ಮಲಗುವುದಕ್ಕೆ ಅರ್ಧ ಗಂಟೆ ಬಿಡಿ. ಫ್ಯೂಸ್ ಬಾಕ್ಸ್ ಕಾರಿನ ಒಳಗಿದ್ದರೆ ಬಾಗಿಲು ತೆಗೆದೇ ಇಡಬೇಕು ಅಲ್ವಾ, ಬಾಗಿಲು ಹಾಕಿದೆ ಅಂತಲೇ ಗಾಡಿ ಅಂದುಕೊಳ್ಳುವ ಹಾಗೆ ಬಾಗಿಲಿನ ಸ್ವಿಚ್ ಒತ್ತಿ ಟೇಪ್ ಹಚ್ಚಿಡಿ.

ಅಷ್ಟಾದರೂ 50 ಮಿಲಿ ಆಂಪಿಯರ್‌ಗಿಂತ (0.05 ಆಂಪಿಯರ್) ಜಾಸ್ತಿ ಇದ್ದರೆ ಎಲ್ಲೋ ಸೋರುತ್ತಿದೆ ಅಂತಲೇ. ನನ್ನದರಲ್ಲಿ ಅರ್ಧ ಆಂಪಿಯರ್ ಹತ್ತಿರ ಇತ್ತು. ಅಂದರೆ ದಿನಕ್ಕೆ 12 ಆಂಪಿಯರ್-ಅವರ್ ಖಾಲಿ. 35 ಆಂಪಿಯರ್-ಅವರ್ ಬ್ಯಾಟರಿ ಎಷ್ಟು ದಿನ ತಡೆದೀತು? ಮೀಟರ್ ನೋಡುತ್ತಾ ಒಂದೊಂದೇ ಫ್ಯೂಸ್ ಕಿತ್ತೆ. ಸ್ಟೀರಿಯೋ ಫ್ಯೂಸ್ ಕಿತ್ತ ಕೂಡಲೇ 0.48 ಆಂಪಿಯರ್ ಇದ್ದದ್ದು 0.03ಕ್ಕೆ ಬಿತ್ತು. ಸ್ಟೀರಿಯೋ ಹೊರಗೆಳೆದು ನೋಡಿದರೆ, ಹಾಕಿಕೊಟ್ಟವರು ಹಳದಿ ವೈರಿಗೇ ಕೆಂಪು ವೈರನ್ನೂ ಸುತ್ತಿ ಟೇಪ್ ಹೊಡೆದಿದ್ದರು! ಹಳದಿಗೆ ಯಾವಾಗಲೂ ಕರೆಂಟ್ ಇರಬೇಕು, ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ. ಎರಡೂ ಸೇರಿಬಿಟ್ಟರೆ ಸ್ಕ್ರೀನ್ ಕಪ್ಪಾದರೂ ಸ್ಟೀರಿಯೋ ಒಳಗೆ ಎಚ್ಚರವಾಗಿಯೇ ಇರುತ್ತೆ. ಕೆಂಪನ್ನು ಬಿಡಿಸಿ, ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಎಸಿಸಿ ಲೈನಿಗೆ ಕೊಡಿಸಿದೆ, ಅಲ್ಲಿಗೆ ತೊಂದರೆ ಮುಗಿಯಿತು. ಹೊರಗೆ ಹಾಕಿಸಿದ ಸ್ಟೀರಿಯೋ, ಡ್ಯಾಶ್‌ಕ್ಯಾಮ್, ಜಿಪಿಎಸ್ ಏನಾದರೂ ಇದ್ದರೆ ಅದರಿಂದಲೇ ಶುರು ಮಾಡಿ.

ಹುಬ್ಬಳ್ಳಿಯಿಂದ: ಎಲ್ಲ ಫ್ಯೂಸ್ ಕಿತ್ತರೂ ಮೀಟರ್ ಇಳಿಯದಿದ್ದರೆ ಆಲ್ಟರ್ನೇಟರ್ (ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡೋದು) ನೋಡ್ರಿ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಳಗಿನ ಡಯೋಡ್ ಹೋಗಿದ್ದರೆ ಬ್ಯಾಟರಿ ಕರೆಂಟ್ ಅದರೊಳಗೆ ವಾಪಸ್ ಹರಿಯುತ್ತೆ. ರಾತ್ರಿಯಿಡೀ ನಿಂತ ಗಾಡಿಯಲ್ಲೂ ಅದು ಮುಟ್ಟಿದರೆ ಬೆಚ್ಚಗಿರಬಹುದು. ಮೈನಸ್ ಬಿಚ್ಚಿಕೊಂಡೇ ಆಲ್ಟರ್ನೇಟರಿನ ದಪ್ಪ ವೈರ್ ತೆಗೆದು, ತುದಿಗೆ ಟೇಪ್ ಸುತ್ತಿ, ಮತ್ತೆ ಅಳೆಯಿರಿ.

ಪುತ್ತೂರಿನಿಂದ: ಡಿಕ್ಕಿ ಲೈಟ್ ಮರೀಬೇಡಿ. 5 ವ್ಯಾಟ್ ಬಲ್ಬ್ ಅಂದರೂ 0.4 ಆಂಪಿಯರ್ ಎಳೆಯುತ್ತೆ. ಮೊಬೈಲಿನಲ್ಲಿ ವಿಡಿಯೋ ಆನ್ ಮಾಡಿ ಒಳಗಿಟ್ಟು ಡಿಕ್ಕಿ ಹಾಕಿ. ಒಂದು ನಿಮಿಷ ಬಿಟ್ಟು ತೆಗೆದು ನೋಡಿದರೆ ಲೈಟ್ ಆರಿತ್ತಾ ಇಲ್ಲವಾ ಗೊತ್ತಾಗುತ್ತೆ.